ಶುಕ್ರವಾರದ ನೀರು

ನಲವತ್ತನೆಯ ದಿನದ ಬೇಯಿಸಿದ ಗೋಧಿಗೆ
ದಾಳಿಂಬೆ ಬೆರೆಸಿ ಊರಿಗೆಲ್ಲ ಹಂಚಿ
ಗೋರಿಯ ಹಣತೆಗೆ ಎಣ್ಣೆ ಹೊಯ್ದು ಬಂದ ಮೇಲೆ
ಲೊಯಿಜೊಸ್ ಅಣ್ಣ ಕೋಟು ಬಿಚ್ಚಲಿಲ್ಲ.
ಹಾಗೇ ಕೂತು, ‘ಎಲ್ಲಿ ಆ ಪುಸ್ತಕ?’ ಎಂದ.

ಪುಸ್ತಕವೆಂದರೆ ನೀಲಿ ರಟ್ಟಿನ ಶಾಲೆ ನೋಟುಬುಕ್ಕು.
ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮಪ್ಪ ಹಂಬೀಸ್
ಆಡಿನ ಲೆಕ್ಕ, ಔಷಧಿ ಅಂಗಡಿಯ ಬಾಕಿ,
ಯಾರ ಮದುವೆಗೆ ಎಷ್ಟು ಮುಯ್ಯಿ, ಎಲ್ಲ ಮುಗಿದ ಮೇಲೆ
ಕೊನೆಯ ಪುಟದಲ್ಲಿ ನಮ್ಮನ್ನು ಬರೆದಿಟ್ಟಿದ್ದ.
ಮುಖ್ತಾರನ ಸಹಿ, ಕಾಫಿ ಅಂಗಡಿಯವನ ಸಾಕ್ಷಿ.

ನಮ್ಮ ಸೈಪ್ರಸ್ಸಿನ ಹಳೆಯ ಊರುಗಳಲ್ಲಿ
ನೆಲ ಒಬ್ಬರದು, ನೆಲದ ಮೇಲಿನ ಮರ ಇನ್ನೊಬ್ಬರದು,
ಮರದ ಬುಡಕ್ಕೆ ಹರಿವ ನೀರು ಮತ್ತೊಬ್ಬರದು.
ಹೊರಗಿನವರು ಕೇಳಿದರೆ ನಗುತ್ತಾರೆ.
ನಾವು ಮೂವರು ನಗಲಿಲ್ಲ.

ಕೆಳಗಿನ ಹೊಲ ಲೊಯಿಜೊಸ್‌ಗೆ.
ಅದರ ನಡುವಿನ ಏಳು ಆಲಿವ್ ಮರ ದೆಸ್ಪೂಗೆ, ಅಂದರೆ ನನಗೆ,
ಅಮ್ಮನ ಬಳುವಳಿಯಾದ್ದರಿಂದ.
ಕೊಟ್ಟಿಗೆ, ಕೊಟ್ಟಿಗೆಯ ಹಿಂದಿನ ಕಲ್ಲುಗುಡ್ಡೆ
ಲಿಮಸೋಲಿನಲ್ಲಿ ಟ್ಯಾಕ್ಸಿ ಓಡಿಸುವ ಪಿಯೆರಿಸ್‌ಗೆ.
ಅಲ್ಲಿಯವರೆಗೆ ಉಸಿರಾಡಿಕೊಂಡಿದ್ದೆವು.
ಆಮೇಲೊಂದು ಸಾಲು, ಬೇರೆ ಶಾಯಿಯದು:
‘ಶುಕ್ರವಾರದ ನೀರು, ನಡುರಾತ್ರಿಯಿಂದ
ಮೊದಲ ಕೋಳಿ ಕೂಗುವ ತನಕ,
ಎದ್ದವರಿಗೆ.’

ಅಷ್ಟೇ. ಹೆಸರಿಲ್ಲ.

‘ಎದ್ದವರು ಎಂಬ ವಾರಸುದಾರರು ಕಾನೂನಿನಲ್ಲಿಲ್ಲ’
ವಕೀಲ ಕನ್ನಡಕ ಒರೆಸಿಕೊಂಡ.
‘ನೆಲ ನನ್ನದು. ನೀರು ಇರುವುದು ನೆಲಕ್ಕೆ ತಾನೇ?’
(ಈಜುಕೊಳ ಕಟ್ಟುವವರು ಹೊಲ ನೋಡಿ ಹೋಗಿದ್ದರು,
ನೀರಿದ್ದರೆ ಎರಡರಷ್ಟು ಬೆಲೆ.)
‘ರಾತ್ರಿ ಪಾಳಿ ಓಡಿಸುವವನು ನಾನು’ ಪಿಯೆರಿಸ್ ಮೇಜು ಕುಟ್ಟಿದ,
‘ಮೂವತ್ತು ವರ್ಷದಿಂದ ಎದ್ದೇ ಇದ್ದೇನೆ!’

ಆಮೇಲೆ ಬಂತು, ಬರಬೇಕಾದದ್ದೆಲ್ಲ.
ಯಾರ ಮದುವೆಗೆ ಎಷ್ಟು ಆಡು ಕಡಿದದ್ದು,
ಯಾರ ಹಲ್ಲಿಗೆ ಯಾರ ದುಡ್ಡು,
ಒಂದು ಸೈಕಲ್ಲು, ಅದನ್ನು ಮುರಿದವರು,
ಸಾಯುವ ಮುಂಚೆ ಅಮ್ಮ ಯಾರನ್ನು ಕರೆದಳು.
ತೂಬಿಗೆ ಲೊಯಿಜೊಸ್ ಬೀಗ ಹಾಕಿದ.
ಟ್ಯಾಕ್ಸಿಯ ಜಾಕಿನಲ್ಲಿ ಪಿಯೆರಿಸ್ ಅದನ್ನು ಮೀಟಿದ.
ಒಂದೇ ತೊಟ್ಟಿಲಲ್ಲಿ ಮಲಗಿದ್ದವರ ನಡುವೆ ಈಗ
ಮುದ್ರೆ ಒತ್ತಿದ ತಡೆಯಾಜ್ಞೆ.

‘ಅಪ್ಪನ ಜೊತೆ ರಾತ್ರಿ ಯಾರು ಏಳುತ್ತಿದ್ದಿರಿ?’
ವಕೀಲ ನನ್ನನ್ನು ಕೇಳಿದ.

ಲಾಂದ್ರ ಹಿಡಿದು ನಿಲ್ಲುತ್ತಿದ್ದವಳು ನಾನೇ, ಒಂಬತ್ತರ ಹುಡುಗಿ.
ಗುದ್ದಲಿಯಲ್ಲಿ ಅಪ್ಪ ಕಾಲುವೆಯ ಮಣ್ಣು ಸರಿಸಿದರೆ
ನೀರು ಕತ್ತಲಲ್ಲಿ ಮೊದಲು ವಾಸನೆಯಾಗಿ ಬರುತ್ತಿತ್ತು,
ಆಮೇಲೆ ಸದ್ದಾಗಿ,
ಆಮೇಲೆ ನನ್ನ ಹೆಬ್ಬೆರಳಿಗೆ ತಣ್ಣಗೆ.
ಅಣ್ಣಂದಿರಿಬ್ಬರೂ ಒಳಗೆ ಗೊರಕೆ.
ಹೇಳಬಹುದಿತ್ತು. ಒಂದು ಮಾತಿಗೆ ಮೊಕದ್ದಮೆ ಮುಗಿಯುತ್ತಿತ್ತು.
‘ನೆನಪಿಲ್ಲ’ ಎಂದೆ.

ಅಪ್ಪ ಹೋದದ್ದೂ ಶುಕ್ರವಾರ ರಾತ್ರಿ.
ಗೋಡೆಯಾಚೆಯಿಂದ ಕೋಲಲ್ಲಿ ತಟ್ಟಿದ,
ಎರಡು ಸಲ. ತಡೆದು, ಇನ್ನೊಂದು ಸಲ.
ಮುದುಕನಿಗೆ ಮರೆವು, ನೀರಿಗೆ ಕರೆಯುತ್ತಿದ್ದಾನೆ
ಅಂದುಕೊಂಡು ಕಂಬಳಿ ಎಳೆದುಕೊಂಡೆ.
ಇದನ್ನು ಯಾವ ಶಾಯಿಯೂ ಬರೆದಿಟ್ಟಿಲ್ಲ.

ವಿಚಾರಣೆ ಮಾರ್ಚಿಗೆ ಹೋಗಿದೆ.
ಅಲ್ಲಿಯ ತನಕ ಯಾರೂ ಮುಟ್ಟದ ನೀರು
ತಗ್ಗು ಸಿಕ್ಕಲ್ಲಿ ನುಗ್ಗಿ, ಪಕ್ಕದ ರಲ್ಲೂ ಅಜ್ಜಿಯ
ಕೆಸುವಿನ ಪಾತಿಗೆ ಇಳಿಯುತ್ತಿದೆ.
ನಿನ್ನೆ ಚೀಲದಲ್ಲಿ ನಾಲ್ಕು ಗೆಡ್ಡೆ ತಂದು
‘ನಿಮ್ಮಪ್ಪನ ನೀರಲ್ಲಿ ಬೆಳೆದದ್ದು’ ಎಂದು ಬಾಗಿಲಲ್ಲಿಟ್ಟಳು.

ಕೆಸುವನ್ನು ನಮ್ಮಲ್ಲಿ ಪೂರ್ತಿ ಕೊಯ್ಯುವುದಿಲ್ಲ.
ಚಾಕು ಅರ್ಧಕ್ಕಿಳಿಸಿ, ತಿರುಚಿ, ಮುರಿಯುತ್ತೇವೆ.
ಇಲ್ಲದಿದ್ದರೆ ಲೋಳೆ ಬಿಡುತ್ತದೆ.
ಟೊಮೇಟೊ, ಸೆಲರಿ ಹಾಕಿ ಬೇಯಿಸಿದೆ,
ಒಬ್ಬಳಿಗೆ ಬಹಳವಾಯಿತು.
ಕೈ ಬೆಳಗಿನವರೆಗೆ ತುರಿಸಿತು.
ಎದ್ದೇ ಇದ್ದೆ.